ಬಾವಿಯ ಪಕ್ಕದಲ್ಲಿ ನಿಂತು ನೀರು ಕೊಳ್ಳುವ ಜನ

ಕಳೆದ ಬೇಸಿಗೆಯಲ್ಲಿ ಪಕ್ಷದ ಚಂದಾ ವಸೂಲಿಗೆಂದು ನಾವು ವಡಗಾವಿಯ ನೇಕಾರರ ಓಣಿಯೊಂದಕ್ಕೆ ಹೋಗಿದ್ದೆವು. ಮಗ್ಗಗಳ ಸದ್ದು ಎಂದಿನಂತೆ ಇರಲಿಲ್ಲ. ಕೆಲಸ ಬಿಟ್ಟು ಬಂದ ಗಂಡಸರು, ಕೂಸುಗಳನ್ನು ಬಗಲಲ್ಲಿ ಎತ್ತಿಕೊಂಡ ಹೆಂಗಸರು, ಸಾಲಿಗೆ ಹೋಗದ ಹುಡುಗರು, ಎಲ್ಲರೂ ಕೊಡಗಳನ್ನು ಸಾಲಾಗಿ ಇಟ್ಟು ಟ್ಯಾಂಕರಿನ ದಾರಿ ಕಾಯುತ್ತಿದ್ದರು. ನಮ್ಮನ್ನು ನೋಡಿ ಒಬ್ಬ ಮುದುಕಿ, "ಮಾಸ್ತರ, ಚಂದಾ ಆಮ್ಯಾಲೆ ಕೇಳಾಕಂತ, ಮೊದಲ ಈ ಕೊಡ ಹಿಡೀರಿ" ಎಂದಳು. ಹಿಡಿದೆವು.

ಆ ಸಾಲಿನಿಂದ ಹತ್ತು ಮಾರು ದೂರದಲ್ಲಿ ಕಲ್ಲಿನಿಂದ ಕಟ್ಟಿದ ಹಳೆಯ ಬಾವಿಯೊಂದಿತ್ತು. ಬಗ್ಗಿ ನೋಡಿದೆವು. ಕಡುಬೇಸಿಗೆಯಲ್ಲಿಯೂ ಅದರಲ್ಲಿ ನೀರಿತ್ತು! ಆದರೆ ನೀರಿನ ಮೇಲೆ ಹಸಿರು ಪಾಚಿ, ಪ್ಲಾಸ್ಟಿಕ್ ಚೀಲ, ಹರಿದ ಚಪ್ಪಲಿ, ದೇವರಿಗೆ ಏರಿಸಿದ ಹೂವಿನ ಹಾರಗಳು ತೇಲುತ್ತಿದ್ದವು.

"ಈ ಬಾವಿ ನೀರು ಯಾಕ ಸೇದಂಗಿಲ್ಲ, ಅವ್ವಾ?" ಎಂದು ಕೇಳಿದೆವು.

"ಗಟಾರ ಸೇರೇತ್ರಿ ಅದರಾಗ. ನಮ್ಮ ಅತ್ತಿ ಇದ್ದಾಗ ಇಡೀ ಓಣಿ ಇದ ನೀರ ಕುಡೀತಿತ್ತು."

ಓದುಗ ಬಂಧುಗಳೇ, ಆ ಮುದುಕಿಯ ಎರಡು ಮಾತಿನಲ್ಲಿ ಬೆಳಗಾವಿಯ ನೀರಿನ ಸಮಸ್ಯೆಯೆಲ್ಲ ಅಡಗಿದೆ. ನೀರಿದೆ, ಆದರೆ ಕುಡಿಯುವಂತಿಲ್ಲ. ಬಾವಿಯ ಪಕ್ಕದಲ್ಲಿಯೇ ನಿಂತು ದುಡ್ಡು ಕೊಟ್ಟು ನೀರು ಕೊಳ್ಳಬೇಕು. ಈ ದುರವಸ್ಥೆ ಹೇಗೆ ಬಂತು ಎಂದು ದೊಡ್ಡವರನ್ನು ಕೇಳಿದರೆ ಮೂರು ಉತ್ತರಗಳು ಸಿದ್ಧವಾಗಿವೆ. ಒಂದು: ಮಳೆ ಕಡಿಮೆಯಾಯಿತು, ದೇವರ ಇಚ್ಛೆ. ಎರಡು: ನೆಲದ ಕೆಳಗಿನ ನೀರು ನೆಲದ ಮಾಲಕನದು, ಅವನು ಮಾರಿದರೆ ತಪ್ಪೇನು? ಮೂರು: ಹೊಲಸು ನೀರಿಗೆ ಯಂತ್ರ ಬಂದಿದೆ, ಮನೆಯಲ್ಲಿ ಕೂಡಿಸಿಕೊಳ್ಳಿರಿ. ಈ ಮೂರೂ ಸುಳ್ಳು ಎಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ. ಹತ್ತು ವರ್ಷ ಸಾಲಿಯಲ್ಲಿ ಸೀಮೆಸುಣ್ಣ ಹಿಡಿದ ಕೈ ನಮ್ಮದು. ಆದ್ದರಿಂದ ಸ್ವಲ್ಪ ಪಾಠದಂತೆ ಕಂಡರೆ ಮನ್ನಿಸಬೇಕು.

ಮಳೆ ಕಡಿಮೆಯೇ?

ಭೂಮಿಯ ಮೇಲಿನ ನೀರಿನಲ್ಲಿ ನೂರಕ್ಕೆ ಸುಮಾರು 97 ಪಾಲು ಸಮುದ್ರದ ಉಪ್ಪುನೀರು. ಉಳಿದ ಸಿಹಿನೀರಿನಲ್ಲಿ ಮೂರನೆಯ ಎರಡು ಪಾಲಿಗೂ ಹೆಚ್ಚು ಹಿಮವಾಗಿ ಕುಳಿತಿದೆ. ಹಿಮವನ್ನು ಬಿಟ್ಟು ಮನುಷ್ಯನ ಕೈಗೆ ಸಿಗಬಹುದಾದ ಸಿಹಿನೀರಿನಲ್ಲಿ ಬಹುತೇಕ ಎಲ್ಲವೂ ನೆಲದ ಕೆಳಗಿದೆ. ನಾವು ಕಣ್ಣಿನಿಂದ ನೋಡುವ ಹೊಳೆ, ಕೆರೆ, ಹಳ್ಳಗಳೆಲ್ಲ ಕೂಡಿದರೂ ಅದರ ಮುಂದೆ ಒಂದು ಚಿಪ್ಪಿನಷ್ಟು. ಅಂದರೆ ನಮ್ಮ ದೊಡ್ಡ ಜಲಾಶಯ ರಾಕಸಕೊಪ್ಪವೂ ಅಲ್ಲ, ಹಿಡಕಲ್ಲೂ ಅಲ್ಲ. ನಮ್ಮ ಕಾಲ ಕೆಳಗಿನ ಮಣ್ಣು ಮತ್ತು ಕಲ್ಲು.

ಈ ಜಲಾಶಯವನ್ನು ತುಂಬುವುದು ಮಳೆ. ಅರಬ್ಬಿ ಸಮುದ್ರದಿಂದ ಎದ್ದ ಆವಿ ಜೂನ್ ತಿಂಗಳಲ್ಲಿ ಗಾಳಿಯನ್ನು ಏರಿ ಬರುತ್ತದೆ. ಸಹ್ಯಾದ್ರಿಯ ಗೋಡೆಗೆ ತಗಲಿ ಮೇಲೇರುತ್ತದೆ, ತಣ್ಣಗಾಗುತ್ತದೆ, ಮಳೆಯಾಗಿ ಸುರಿಯುತ್ತದೆ. ಆ ಗೋಡೆಯ ನೆತ್ತಿಯ ಮೇಲೆ ಇರುವುದು ನಮ್ಮ ಖಾನಾಪುರ ತಾಲೂಕು. ಕನಕುಂಬಿಯ ಸೀಮೆಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ. ಬೆಳಗಾವಿ ನಗರಕ್ಕೆ ಬರುವಷ್ಟರಲ್ಲಿ ಅದು 1200ರ ಆಸುಪಾಸಿಗೆ ಇಳಿಯುತ್ತದೆ. ಸವದತ್ತಿ, ರಾಮದುರ್ಗದ ಕಡೆಗೆ ಹೋದರೆ ಅದರ ಅರ್ಧದಷ್ಟು.

ಒಂದೇ ತಾಲೂಕಿನ ಬೆಟ್ಟಗಳಲ್ಲಿ ಎರಡು ಹೊಳೆಗಳು ಹುಟ್ಟುತ್ತವೆ. ಕನಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಮೂಡಣಕ್ಕೆ ತಿರುಗಿ, ಖಾನಾಪುರ ಪಟ್ಟಣವನ್ನು ಹಾಯ್ದು, ನವಿಲುತೀರ್ಥದ ಅಣೆಕಟ್ಟಿನಲ್ಲಿ ನಿಂತು, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ಭೀಮಗಡದ ಕಾಡಿನಲ್ಲಿ ಹುಟ್ಟಿದ ಮಹದಾಯಿ ಪಡುವಣಕ್ಕೆ ಇಳಿದು ಗೋವೆಗೆ ಹೋಗುತ್ತಾಳೆ. ಒಂದೇ ಸೀಮೆಯಲ್ಲಿ ಸುರಿದ ಮಳೆಯ ಒಂದು ಪಾಲು ಬಂಗಾಳ ಕೊಲ್ಲಿಗೆ, ಇನ್ನೊಂದು ಪಾಲು ಅರಬ್ಬಿ ಸಮುದ್ರಕ್ಕೆ. ಇಂಥ ನಾಡಿನಲ್ಲಿ ಹುಟ್ಟಿ ನಾವು ಏಪ್ರಿಲ್ ತಿಂಗಳಲ್ಲಿ ಕೊಡ ಹಿಡಿದು ನಿಲ್ಲುವುದಾದರೆ, ದೋಷ ಮುಗಿಲಿನಲ್ಲಿಲ್ಲ, ನೆಲದ ಮೇಲಿನ ವ್ಯವಹಾರದಲ್ಲಿದೆ.

ಮಳೆ ಕೈಕೊಟ್ಟ ವರ್ಷಗಳಿಲ್ಲವೆಂದು ನಾವು ಹೇಳುವುದಿಲ್ಲ. 2023ರಲ್ಲಿ ರಾಜ್ಯದ 236 ತಾಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸರಕಾರವೇ ಸಾರಿತು. ಆದರೆ ಅದಕ್ಕೆ ನಾಲ್ಕು ವರ್ಷ ಹಿಂದೆ, 2019ರ ಆಗಸ್ಟಿನಲ್ಲಿ, ಇದೇ ಬೆಳಗಾವಿಯ ಮನೆಗಳಲ್ಲಿ ಮೊಣಕಾಲುದ್ದ ನೀರು ನಿಂತಿತ್ತು. ಒಂದು ವರ್ಷ ಮುಳುಗುವುದು, ಇನ್ನೊಂದು ವರ್ಷ ಒಣಗುವುದು. ನಡುವೆ ನೀರನ್ನು ಹಿಡಿದಿಡುವ ಬುದ್ಧಿಯನ್ನು ಯಾರೂ ಖರ್ಚು ಮಾಡಲಿಲ್ಲ.

ಅಂಗಡಿಕಾರ ಮಿತ್ರರಿಗೆ ತಿಳಿಯುವಂತೆ ಹೇಳುವುದಾದರೆ, ಅಂತರ್ಜಲವೆಂಬುದು ಜಮಾಖರ್ಚಿನ ಪುಸ್ತಕ. ಮಳೆ ಜಮಾ, ಬಾವಿ ಖರ್ಚು. ನಮ್ಮ ಭಾಗದ ನೆಲದ ಮೇಲ್ಪದರ ಬಹಳ ಕಡೆ ಜಂಬಿಟ್ಟಿಗೆ. ರಂಧ್ರಗಳುಳ್ಳ ಕೆಂಪುಕಲ್ಲು, ನೀರನ್ನು ಬೇಗ ಹೀರುತ್ತದೆ, ಬೇಗ ಬಿಟ್ಟೂಬಿಡುತ್ತದೆ. ಅದರ ಕೆಳಗೆ ಕರಿಕಲ್ಲು. ಇದು ಗಟ್ಟಿ, ಬಿರುಕು ಇದ್ದಲ್ಲಿ ಮಾತ್ರ ನೀರು ನಿಲ್ಲುತ್ತದೆ. ಆದ್ದರಿಂದ ಇಲ್ಲಿ ಜಮಾ ಆಗುವುದು ನಿಧಾನ, ತಿಜೋರಿಯೂ ಸಣ್ಣದು. ಕಾಡು ಇದ್ದಲ್ಲಿ ಎಲೆಯ ಹಾಸು ಮಳೆಯ ಹೊಡೆತವನ್ನು ತಡೆದು, ನೀರನ್ನು ಮೆಲ್ಲಗೆ ಮಣ್ಣಿಗೆ ಇಳಿಸುತ್ತದೆ. ಕಾಡು ಕಡಿದು, ಗುಡ್ಡ ಸೀಳಿ, ನಗರದ ನೆಲಕ್ಕೆಲ್ಲ ಕಾಂಕ್ರೀಟು ಬಳಿದರೆ ಬಿದ್ದ ಮಳೆ ಅರ್ಧ ತಾಸಿನಲ್ಲಿ ಗಟಾರಕ್ಕೆ ಹೋಗುತ್ತದೆ. ಜಮಾದ ಬಾಗಿಲು ಮುಚ್ಚಿ ಖರ್ಚಿನ ಬಾಗಿಲು ತೆರೆದರೆ ಯಾವ ಅಂಗಡಿ ಉಳಿದೀತು?

ಮಲಪ್ರಭೆಯ ಉಸುಕಿನ ಕಥೆಯೂ ಇದೇ. ಹೊಳೆಯ ಪಾತ್ರದ ಉಸುಕು ಬರಿಯ ಉಸುಕಲ್ಲ. ಅದು ನೀರನ್ನು ಸೋಸುವ ಸೋಸಣಿಗೆ, ಬೇಸಿಗೆಗೆ ನೀರನ್ನು ಬಚ್ಚಿಡುವ ಕಣಜ. ದಂಡೆಯ ಬಾವಿಗಳು ಬದುಕುವುದು ಅದರ ದಯದಿಂದ. ಆ ಉಸುಕನ್ನು ರಾತ್ರೋರಾತ್ರಿ ಲಾರಿಗೆ ತುಂಬಿ ಮಾರಿದವನು ಕಟ್ಟಡದ ಸಾಮಾನನ್ನಷ್ಟೇ ಮಾರಲಿಲ್ಲ, ಹತ್ತು ಹಳ್ಳಿಗಳ ಬಾವಿಯನ್ನು ಮಾರಿದ.

ನೆಲದ ಕೆಳಗಿನ ನೀರಿಗೆ ಒಡೆಯನಾರು?

1882ರಲ್ಲಿ ಬ್ರಿಟಿಷರು ಒಂದು ಕಾಯದೆ ಮಾಡಿದರು. ಅದರ ಹೆಸರು ಈಸ್‌ಮೆಂಟ್ಸ್ ಕಾಯದೆ. ತನ್ನ ಭೂಮಿಯ ಕೆಳಗಿನ ನೀರನ್ನು ಭೂಮಾಲಕ ತೆಗೆದುಕೊಳ್ಳಬಹುದು ಎಂಬ ತತ್ವ ಅದರಲ್ಲಿದೆ. ಹಗ್ಗ, ಕೊಡ, ಕಪಿಲೆಯ ಕಾಲದಲ್ಲಿ ಅದರಿಂದ ಹೆಚ್ಚಿನ ಹಾನಿಯಾಗಲಿಲ್ಲ. ಎತ್ತು ದಣಿಯುತ್ತಿತ್ತು, ಮನುಷ್ಯ ದಣಿಯುತ್ತಿದ್ದ. ಇಂದಿನ ಪಂಪು ದಣಿಯುವುದಿಲ್ಲ. ನೂರಾರು ಅಡಿ ಕೊಳವೆ ಇಳಿಸಿದವನು ಎಳೆಯುವುದು ತನ್ನ ಜಾಗದ ನೀರನ್ನಷ್ಟೇ ಅಲ್ಲ. ನೆಲದ ಕೆಳಗೆ ಬೇಲಿಯಿಲ್ಲ, ಉತಾರೆಯಿಲ್ಲ, ಸರ್ವೆ ನಂಬರಿಲ್ಲ. ಬಿರುಕಿನಿಂದ ಬಿರುಕಿಗೆ ನೀರು ಹರಿದು ಅವನ ಕೊಳವೆಗೆ ಬರುತ್ತದೆ. ನೆರೆಯ ಬಡವನ ಬಾವಿ ಬತ್ತುತ್ತದೆ. ಬಳಿಕ ಅದೇ ನೀರು ಟ್ಯಾಂಕರಿನಲ್ಲಿ ಬಂದು ಆ ಬಡವನ ಬಾಗಿಲಲ್ಲಿಯೇ ಮಾರಾಟವಾಗುತ್ತದೆ. ಇದಕ್ಕೆ ವ್ಯಾಪಾರವೆನ್ನುತ್ತಾರೆ! ತಮ್ಮ ತಕ್ಕಡಿಯಲ್ಲಿ ಒಂದು ಛಟಾಕು ಕಡಿಮೆ ತೂಗಿದರೆ ದಂಡ ತೆರುವ ಸಣ್ಣ ಅಂಗಡಿಕಾರರನ್ನೇ ಕೇಳುತ್ತೇವೆ: ಇದು ವ್ಯಾಪಾರವೇ?

ಜಗತ್ತಿನಲ್ಲಿ ಅತಿ ಹೆಚ್ಚು ಅಂತರ್ಜಲವನ್ನು ಎತ್ತುವ ದೇಶ ಭಾರತ. ವರ್ಷಕ್ಕೆ ಸುಮಾರು 24 ಸಾವಿರ ಕೋಟಿ ಘನಮೀಟರ್. ಜಗತ್ತು ಎತ್ತುವುದರಲ್ಲಿ ಕಾಲು ಪಾಲಿನಷ್ಟು. ಇದರಲ್ಲಿ ದೊಡ್ಡ ಪಾಲು ಒಕ್ಕಲುತನಕ್ಕೆ ಹೋಗುತ್ತದೆ ಎಂಬುದನ್ನು ನಾವು ಮುಚ್ಚಿಡುವುದಿಲ್ಲ. ಆದರೆ ರೈತ ಎತ್ತಿದ ನೀರಿನಿಂದ ನಮಗೆ ಜೋಳ ಬರುತ್ತದೆ, ಕಾಯಿಪಲ್ಲೆ ಬರುತ್ತದೆ. ಟ್ಯಾಂಕರಿನವನು ಎತ್ತಿದ ನೀರಿನಿಂದ ನಮಗೆ ಬಿಲ್ಲು ಬರುತ್ತದೆ. ಕರ್ನಾಟಕ ಸರಕಾರ 2011ರಲ್ಲಿ ಅಂತರ್ಜಲ ನಿಯಂತ್ರಣ ಕಾಯದೆಯನ್ನೇನೋ ತಂದಿತು. 1996ರಲ್ಲಿ ಕಮಲನಾಥ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೊಳೆ, ಕಾಡು ಮೊದಲಾದ ನಿಸರ್ಗ ಸಂಪತ್ತು ಜನತೆಯ ಸೊತ್ತು, ಸರಕಾರ ಅದರ ವಿಶ್ವಸ್ತ ಮಾತ್ರ ಎಂಬ ತತ್ವವನ್ನು ಎತ್ತಿ ಹಿಡಿಯಿತು. ಕಾಗದದ ಮೇಲೆ ನಾವು ಗೆದ್ದಿದ್ದೇವೆ. ಓಣಿಯಲ್ಲಿ ಸೋತಿದ್ದೇವೆ.

ತಾ. 20-3-1927ರಂದು ಡಾ. ಅಂಬೇಡಕರರು ಮಹಾಡದ ಚವದಾರ ಕೆರೆಗೆ ಇಳಿದು ಬೊಗಸೆ ನೀರು ಕುಡಿದರು. ಸಾರ್ವಜನಿಕ ಕೆರೆಯ ನೀರನ್ನು ಜಾತಿಯ ಹೆಸರಿನಿಂದ ಮುಚ್ಚಿಟ್ಟವರ ಎದುರು ಮಾಡಿದ ಸತ್ಯಾಗ್ರಹವದು. ಆ ಬೀಗ ಇನ್ನೂ ಎಲ್ಲ ಕಡೆ ಒಡೆದಿಲ್ಲ. ಅಷ್ಟರಲ್ಲಿಯೇ ನೀರಿಗೆ ಎರಡನೆಯ ಬೀಗ ಬಿದ್ದಿದೆ. ಇದು ರೊಕ್ಕದ ಬೀಗ. ಮೊದಲನೆಯದಕ್ಕೆ ಧರ್ಮದ ಹೆಸರಿತ್ತು, ಎರಡನೆಯದಕ್ಕೆ ಮಾರುಕಟ್ಟೆಯ ಹೆಸರಿದೆ. ಬಾಯಾರಿದವನಿಗೆ ಎರಡೂ ಒಂದೇ.

ಮೇಲೆ ಕುಡಿದು ಕೆಳಗೆ ಉಗುಳುವ ನಗರ

ಈಗ ಹೊಲಸಿನ ಲೆಕ್ಕಕ್ಕೆ ಬರೋಣ. 2011ರ ಜನಗಣತಿಯಲ್ಲಿ ಬೆಳಗಾವಿ ನಗರದ ಜನಸಂಖ್ಯೆ ಸುಮಾರು 4 ಲಕ್ಷ 88 ಸಾವಿರ. ಇಂಜಿನಿಯರರ ನಿಯಮದಂತೆ ತಲೆಗೆ ದಿನಕ್ಕೆ 135 ಲೀಟರು ಹಿಡಿದರೆ ದಿನವೊಂದಕ್ಕೆ ಆರೂವರೆ ಕೋಟಿ ಲೀಟರಿಗೂ ಹೆಚ್ಚು ನೀರು. ಬಳಸಿದ ನೀರಿನಲ್ಲಿ ನೂರಕ್ಕೆ 80 ಪಾಲು ಗಟಾರಕ್ಕೆ ಬರುತ್ತದೆಂಬುದೂ ಅವರದೇ ನಿಯಮ. ಅಂದರೆ ದಿನಕ್ಕೆ ಐದು ಕೋಟಿ ಲೀಟರಿಗೂ ಮಿಕ್ಕಿ ಹೊಲಸು ನೀರು. ಇದು 2011ರ ಜನಕ್ಕೆ ಹಿಡಿದ ಲೆಕ್ಕ. ಆ ಬಳಿಕ ಊರು ಬೆಳೆದಿದೆ, ಕುಗ್ಗಿಲ್ಲ.

ಇದು ಎಲ್ಲಿಗೆ ಹೋಗಬೇಕು? ಇದನ್ನು ಹೊತ್ತು ಹರಿದದ್ದು ಬಳ್ಳಾರಿ ನಾಲಾ. ಯಳ್ಳೂರ ಗುಡ್ಡದ ಕಡೆಯಿಂದ ಮಳೆಯ ನೀರನ್ನು ತರುತ್ತಿದ್ದ ಹಳ್ಳವದು. ಶಹಾಪುರ, ವಡಗಾವಿ, ಅನಗೋಳದ ಗದ್ದೆಗಳಿಗೆ ಜೀವವಾಗಿತ್ತು. ಬೆಳಗಾವಿ ಬಾಸುಮತಿಯೆಂದು ಹೆಸರಾದ ಪರಿಮಳದ ಭತ್ತ ಬೆಳೆದದ್ದು ಈ ಗದ್ದೆಗಳಲ್ಲಿಯೇ. ನಗರ ಆ ಹಳ್ಳವನ್ನು ಗಟಾರ ಮಾಡಿತು. ಮಳೆಗಾಲದಲ್ಲಿ ಅದು ಉಕ್ಕಿ ಗದ್ದೆಗೆ ನುಗ್ಗುತ್ತದೆ. ಉಳಿದ ಕಾಲದಲ್ಲಿ ಅದರ ಕಪ್ಪು ನೀರಿನಲ್ಲಿಯೇ ಕಾಯಿಪಲ್ಲೆ ಬೆಳೆಯುತ್ತದೆ. ಆ ಪಲ್ಲೆ ಮರುದಿನ ನಮ್ಮದೇ ಪೇಟೆಗೆ ಬರುತ್ತದೆ. ನಾಲಾ ಮುಂದೆ ಹೋಗಿ ಮಾರ್ಕಂಡೇಯ ನದಿಯನ್ನು ಕೂಡುತ್ತದೆ. ಅದೇ ಮಾರ್ಕಂಡೇಯದ ಮೇಲಿನ ಭಾಗದಲ್ಲಿ ರಾಕಸಕೊಪ್ಪದ ಜಲಾಶಯ ಕಟ್ಟಿ ನಗರ ಕುಡಿಯುತ್ತದೆ. ಮೇಲೆ ಕುಡಿದು ಕೆಳಗೆ ಉಗುಳುವುದು! ಕೆಳಗಿನ ಹಳ್ಳಿಯವರು ಮನುಷ್ಯರಲ್ಲವೇ?

ನೀರಿನ ಮಾಲಿನ್ಯ ತಡೆಯುವ ಕಾಯದೆ ಬಂದದ್ದು 1974ರಲ್ಲಿ. ಹೊಲಸು ನೀರನ್ನು ಶುದ್ಧ ಮಾಡುವ ಘಟಕಕ್ಕೆ ಮೊದಲು ಅಲಾರವಾಡದ ಮಾತು ಬಂತು, ಬಳಿಕ ಹಲಗಾದ ಮಾತು ಬಂತು. 2019ರಲ್ಲಿ ಹಲಗಾದ ಫಲವತ್ತಾದ ಹೊಲಗಳಿಗೆ ಯಂತ್ರಗಳು ಬಂದಾಗ ರೈತರು ಅಡ್ಡ ನಿಂತರು. ರೈತರೇ ಪ್ರಗತಿಗೆ ಅಡ್ಡಿ ಎಂದು ಕೆಲವರು ಗೊಣಗಿದರು. ನಾವು ಕೇಳುತ್ತೇವೆ: ದಶಕಗಟ್ಟಲೆ ಕೈಕಟ್ಟಿ ಕುಳಿತು, ಕೊನೆಗೆ ಎರಡು ಎಕರೆಯ ಒಕ್ಕಲಿಗನ ಹೊಲವೇ ಕಣ್ಣಿಗೆ ಬಿತ್ತೇ? ಶುದ್ಧೀಕರಣ ಘಟಕ ಬೇಕೇ ಬೇಕು. ಆದರೆ ನಗರದ ಹೊಲಸಿನ ಬೆಲೆಯನ್ನು ಹಳ್ಳಿಯವನೊಬ್ಬನೇ ತೆರಬೇಕೆಂಬುದು ಯಾವ ನ್ಯಾಯ?

ನಾಲಾದ ಹೊಲಸು ನಾಲಾದಲ್ಲಿಯೇ ಇರುವುದಿಲ್ಲ. ಕಟ್ಟದ, ಒಡೆದ ಗಟಾರಗಳಿಂದ, ತಳವಿಲ್ಲದ ಶೌಚದ ಗುಂಡಿಗಳಿಂದ ಅದು ನೆಲಕ್ಕೆ ಇಳಿಯುತ್ತದೆ. ಮಣ್ಣು ಸೋಸುತ್ತದೆ ನಿಜ, ಅದಕ್ಕೂ ಮಿತಿಯಿದೆ. ಜಂಬಿಟ್ಟಿಗೆಯ ರಂಧ್ರ ಮಳೆಯ ನೀರಿಗೆ ದಾರಿ ಕೊಟ್ಟಂತೆ ಹೊಲಸಿಗೂ ದಾರಿ ಕೊಡುತ್ತದೆ. ಆ ಓಣಿಯ ಬಾವಿಯ ನೀರನ್ನು ನಾವು ಸೀಸೆಯಲ್ಲಿ ಹಿಡಿದು ಪರೀಕ್ಷೆಗೆ ಕೊಟ್ಟೆವು. ಮಲದಿಂದ ಬರುವ ರೋಗಾಣುಗಳಿವೆ, ನೈಟ್ರೇಟು ಮಿತಿ ಮೀರಿದೆ ಎಂದು ವರದಿ ಬಂತು. ಕುಡಿಯುವ ನೀರಿನ ಭಾರತೀಯ ಮಾನಕದಂತೆ ಲೀಟರಿಗೆ 45 ಮಿಲಿಗ್ರಾಮಿಗಿಂತ ಹೆಚ್ಚು ನೈಟ್ರೇಟು ಇರಬಾರದು; ರೋಗಾಣುಗಳು ಇರಲೇಕೂಡದು. ಕಾಯಿಸಿ ಕುಡಿದರೆ ರೋಗಾಣು ಸಾಯುತ್ತದೆ, ನೈಟ್ರೇಟು ಹೋಗುವುದಿಲ್ಲ. ನೀರು ಆವಿಯಾದಷ್ಟು ಇನ್ನೂ ದಟ್ಟವಾಗುತ್ತದೆ. ಬಾಟಲಿ ಹಾಲು ಕುಡಿಯುವ ಎಳೆಗೂಸುಗಳ ರಕ್ತ ಪ್ರಾಣವಾಯುವನ್ನು ಒಯ್ಯದಂತೆ ಮಾಡುವ ವಿಷವದು.

ಇದು ಹೊಸ ಶಾಸ್ತ್ರವಲ್ಲ. 1854ರಲ್ಲಿ ಲಂಡನ್ನಿನಲ್ಲಿ ಕಾಲರಾ ಬಡಿದಾಗ ಜಾನ್ ಸ್ನೋ ಎಂಬ ವೈದ್ಯರು ಮನೆಮನೆಗೆ ಹೋಗಿ ಸತ್ತವರ ಲೆಕ್ಕ ಹಾಕಿದರು. ಬ್ರಾಡ್ ಬೀದಿಯ ಒಂದು ಪಂಪಿನ ನೀರೇ ಮೂಲವೆಂದು ತೋರಿಸಿ ಅದರ ಹಿಡಿಕೆಯನ್ನು ತೆಗೆಸಿದರು. ಪಕ್ಕದ ಮನೆಯ ಹೊಲಸಿನ ಗುಂಡಿ ಆ ಬಾವಿಗೆ ಸೋರುತ್ತಿತ್ತು. ಅಂದಿನಿಂದ ಒಂದೂವರೆ ಶತಮಾನ ಕಳೆದು, 2012ರಲ್ಲಿ, ನಮ್ಮ ನೆರೆಯ ಮಗ್ಗಗಳ ಊರು ಇಚಲಕರಂಜಿಯಲ್ಲಿ ಹೊಲಸು ನೀರಿನಿಂದ ಕಾಮಾಲೆ ಹಬ್ಬಿ ಕಾಮಗಾರರ ಮನೆಗಳಲ್ಲಿ ಹಾಹಾಕಾರವೆದ್ದಿತು. 2022ರ ಅಕ್ಟೋಬರದಲ್ಲಿ ನಮ್ಮದೇ ಜಿಲ್ಲೆಯ ರಾಮದುರ್ಗ ತಾಲೂಕಿನ ಮುದೇನೂರಿನಲ್ಲಿ ಕಲುಷಿತ ನೀರು ಕುಡಿದು ಜನ ಆಸ್ಪತ್ರೆ ಸೇರಿದರು, ಜೀವಗಳೂ ಹೋದವು. ಬದುಕಿದ್ದಾಗ ಶುದ್ಧ ನೀರು ಕೊಡದೆ ಸತ್ತ ಮೇಲೆ ಪರಿಹಾರ ಕೊಡುವುದು ಆಡಳಿತವಲ್ಲ.

ನಳ ಮತ್ತು ಯಂತ್ರ

ನಳವಿದೆಯಲ್ಲ ಎನ್ನುವಿರಾ? ನಾಲ್ಕೈದು ದಿನಕ್ಕೊಮ್ಮೆ ನೀರು ಬಿಡುವ ನಳದ ಒಳಗೇನಾಗುತ್ತದೆ ಕೇಳಿರಿ. ನೀರು ನಿಂತಾಗ ಕೊಳವೆ ಬರಿದಾಗುತ್ತದೆ. ಬರಿದಾದ ಕೊಳವೆ ಹೊರಗಿನದನ್ನು ಒಳಕ್ಕೆ ಹೀರುತ್ತದೆ. ಅದು ಗಟಾರದ ಪಕ್ಕದಲ್ಲಿ ಹಾಯ್ದು ಎಲ್ಲಿಯೋ ಸೀಳಿದ್ದರೆ, ಹೀರುವುದು ಗಟಾರವನ್ನೇ. ಮರುಸಲ ನಳ ಬಂದಾಗ ಮೊದಲ ಕೊಡ ನಾರುವುದು ಇದಕ್ಕಾಗಿ.

ಇದಕ್ಕೆ ಇಪ್ಪತ್ತನಾಲ್ಕು ತಾಸಿನ ನೀರೇ ಮದ್ದು ಎಂದು ಹೇಳುವವರ ಮಾತಿನಲ್ಲಿ ಸತ್ಯವಿದೆ. ನಾವು ಅದನ್ನು ವಿರೋಧಿಸುವುದಿಲ್ಲ. ನಮ್ಮ ಆಕ್ಷೇಪ ಸರದಿಯ ಬಗ್ಗೆ. 2004ರಲ್ಲಿ ವಿಶ್ವಬ್ಯಾಂಕು ಸಾಲ ಮಂಜೂರು ಮಾಡಿತು. ಬೆಳಗಾವಿ, ಹುಬ್ಬಳ್ಳಿ-ಧಾರವಾಡ, ಕಲಬುರ್ಗಿಗಳಲ್ಲಿ ಮಾದರಿ ವಲಯಗಳಾದವು. ಫ್ರಾನ್ಸ್ ದೇಶದ ವಿಯೋಲಿಯಾ ಕಂಪನಿ ಅವನ್ನು ನಡೆಸಿತು. ನಗರದ ಸುಮಾರು ಹತ್ತನೆಯ ಒಂದು ಪಾಲಿಗೆ ಹಗಲಿರುಳು ನೀರು. ಉಳಿದ ಒಂಬತ್ತು ಪಾಲು ಕೊಡ ಹಿಡಿದು ವರ್ಷಗಟ್ಟಲೆ ಸರದಿ ಕಾಯಿತು. ಮಾದರಿ ತೋರಿಸುವುದಾದರೆ ಎಲ್ಲಕ್ಕೂ ಬಡ ಓಣಿಯಿಂದ ಶುರುಮಾಡಿ ತೋರಿಸಬೇಕಿತ್ತು. ಗಿರಣಿಯಲ್ಲಿ ಪಗಾರ ಹಂಚುವಾಗ ಮ್ಯಾನೇಜರನಿಗೆ ಮೊದಲು ಕೊಟ್ಟು, ಕಾಮಗಾರನಿಗೆ 'ನಿಮ್ಮ ಸರದಿ ಮುಂದಿನ ಯೋಜನೆಯಲ್ಲಿ' ಎಂದರೆ ನಾವು ಸುಮ್ಮನಿರುತ್ತೇವೆಯೇ?

ಇನ್ನು ಮನೆಯ ಯಂತ್ರ. ಒಂದು ಲೀಟರು ನೀರನ್ನು ಸೋಸಲು ಸಾಮಾನ್ಯವಾಗಿ ಎರಡು ಮೂರು ಲೀಟರನ್ನು ಗಟಾರಕ್ಕೆ ಚೆಲ್ಲುತ್ತದೆ. ಕೊಳ್ಳಲು ರೊಕ್ಕ, ಅದರ ಜಾಳಿಗೆ ಬದಲಿಸಲು ರೊಕ್ಕ, ಕರೆಂಟಿಗೆ ರೊಕ್ಕ. ಸ್ಥಿತಿವಂತರು ಯಂತ್ರ ಕೂಡಿಸಿದ ದಿನದಿಂದ ಬಾವಿಯ ಚಿಂತೆ ಬಿಟ್ಟರು. ಅವರು ಚಿಂತೆ ಬಿಟ್ಟ ಮೇಲೆ ಅಧಿಕಾರಿಗಳೂ ಬಿಟ್ಟರು. ಯಂತ್ರ ಮಾಡಿದ ಅತಿ ದೊಡ್ಡ ಕೇಡು ಇದು. 2019ರಲ್ಲಿ ಜಲ ಜೀವನ ಮಿಷನ್ ಎಂದು ಮನೆಮನೆಗೆ ನಳ ಕೊಡುವ ಯೋಜನೆಯೂ ಬಂತು. ಸಂತೋಷ. ಆದರೆ ನಳ ನೀರನ್ನು ತರುತ್ತದೆ, ಹುಟ್ಟಿಸುವುದಿಲ್ಲ. ಮೂಲ ಬತ್ತಿದರೆ ನಳದಲ್ಲಿ ಬರುವುದು ಗಾಳಿ.

ನಮ್ಮ ತಪ್ಪೂ ಉಂಟು

ಇಷ್ಟೆಲ್ಲ ಬರೆದು ನಮ್ಮ ಕಡೆಯ ತಪ್ಪನ್ನು ಮುಚ್ಚಿಟ್ಟರೆ ನಮ್ಮ ಬಾಯಿಗೆ ಬೆಲೆಯಿಲ್ಲ. ನೂಲಿಗೆ ಬಣ್ಣ ಹಾಕಿದ ನೀರನ್ನು ಕಟ್ಟದ ಗಟಾರಕ್ಕೆ ಚೆಲ್ಲುವವರು ನಮ್ಮವರೇ. ರಾತ್ರಿ ಅಂಗಡಿ ಮುಚ್ಚುವಾಗ ಕಸವನ್ನು ನಾಲಾದಲ್ಲಿ ಒಗೆಯುವವರು ನಮ್ಮ ಚಂದಾದಾರರೇ. ನಳ ಬಂತೆಂದು ಬಾವಿಗೆ ಬೆನ್ನು ತಿರುಗಿಸಿ, ಅದನ್ನು ಕಸದ ತೊಟ್ಟಿ ಮಾಡಿದ್ದು ನಮ್ಮ ಓಣಿಗಳೇ. ಬಾವಿಯಿಂದ ಹತ್ತು ಹೆಜ್ಜೆಗೆ ಶೌಚದ ಗುಂಡಿ ತೋಡಿದವರೂ ನಾವೇ. ಬಡತನ ಇದಕ್ಕೆ ಕಾರಣವಿರಬಹುದು, ಸಮರ್ಥನೆಯಾಗಲಾರದು.

ಪಕ್ಷಗಳ ತಪ್ಪೂ ಇದೆ. ಮಹದಾಯಿಯ ವಿಷಯದಲ್ಲಿ 2010ರಲ್ಲಿ ನ್ಯಾಯಮಂಡಳಿಯಾಯಿತು. 2015ರಲ್ಲಿ ನರಗುಂದದ ರೈತರು ಧರಣಿ ಕುಳಿತರು. ತಾ. 14-8-2018ರಂದು ತೀರ್ಪು ಬಂದು ಕರ್ನಾಟಕಕ್ಕೆ 13.42 ಟಿ.ಎಂ.ಸಿ. ಸಿಕ್ಕಿತು, ಅದರಲ್ಲಿ ಕಳಸಾ-ಬಂಡೂರಿಯಿಂದ ಮಲಪ್ರಭೆಗೆ ತಿರುಗಿಸಲು 3.9 ಟಿ.ಎಂ.ಸಿ. ನರಗುಂದದವರ ಬಾಯಾರಿಕೆ ನಿಜ. ಅವರ ಬೆನ್ನಿಗೆ ನಾವಿದ್ದೇವೆ. ಆದರೆ ಇದೇ ಮಲಪ್ರಭೆಯನ್ನು 2018ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ರಾಜ್ಯದ 17 ಕಲುಷಿತ ನದೀಭಾಗಗಳ ಯಾದಿಯಲ್ಲಿ ಸೇರಿಸಿತು. ಇದರ ವಿರುದ್ಧ ಎಷ್ಟು ಬಂದ್ ಆದವು? ಎಷ್ಟು ಧುರೀಣರು ಉಪವಾಸ ಕುಳಿತರು? ಗೋವೆಯವರ ಎದುರು ಗುಡುಗುವುದು ಸುಲಭ, ಮತ ಬರುತ್ತವೆ. ನಮ್ಮ ಊರಿನ ಉಸುಕಿನ ಗುತ್ತಿಗೆದಾರನ ಎದುರು ಪಿಸುಗುಟ್ಟುವುದೂ ಕಷ್ಟ, ಚುನಾವಣೆಯ ಖರ್ಚು ಅಲ್ಲಿಂದ ಬರುತ್ತದೆ. ಇನ್ನೊಬ್ಬರ ಹೊಳೆಯಿಂದ ನೀರು ಕೇಳುವವನು ತನ್ನ ಹೊಳೆಯನ್ನು ಸ್ವಚ್ಛವಾಗಿಟ್ಟುಕೊಂಡು ಕೇಳಬೇಕು. ಖಾನಾಪುರದ ಗಟಾರ ಮಲಪ್ರಭೆಗೆ ಸೇರಿದರೆ ಅದನ್ನು ಕುಡಿಯುವವರು ಗೋವೆಯವರಲ್ಲ, ಹುಬ್ಬಳ್ಳಿ-ಧಾರವಾಡದ ನಮ್ಮ ಅಣ್ಣತಮ್ಮಂದಿರು.

ಹಾಗಾದರೆ ಏನು ಮಾಡಬೇಕು?

ಮೊದಲು ಮಾಳಿಗೆಯ ಲೆಕ್ಕ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಒಂದು ಲೀಟರು ನೀರು. 50 ಚದರ ಮೀಟರಿನ ಮಾಳಿಗೆಗೆ 1200 ಮಿಲಿಮೀಟರು ಮಳೆಯೆಂದರೆ 60 ಸಾವಿರ ಲೀಟರು. ಐದರಲ್ಲೊಂದು ಪಾಲು ವ್ಯರ್ಥವೆಂದು ಬಿಟ್ಟರೂ 48 ಸಾವಿರ ಉಳಿಯಿತು. ಐದು ಜನರ ಮನೆಗೆ ಕುಡಿಯಲು, ಅಡಿಗೆಗೆ ದಿನಕ್ಕೆ 25 ಲೀಟರು ಸಾಕು. ಭಾಗಿಸಿ ನೋಡಿರಿ: 1920 ದಿನ, ಐದು ವರ್ಷಕ್ಕೂ ಹೆಚ್ಚು! ಅಷ್ಟನ್ನು ಹಿಡಿದಿಡುವ ಹಂಡೆ ನಮ್ಮಲ್ಲಿಲ್ಲ ನಿಜ. ಆದರೆ ನೆಲವೆಂಬ ಹಂಡೆ ಇದೆ. 1000 ಚದರ ಮೀಟರಿನ ಒಂದು ಗಿರಣಿಯ ತಗಡಿನ ಮೇಲೆ ವರ್ಷಕ್ಕೆ 12 ಲಕ್ಷ ಲೀಟರು ಬೀಳುತ್ತದೆ. ಅದನ್ನು ಉಸುಕು-ಜಲ್ಲಿಯ ಗುಂಡಿಯಲ್ಲಿ ಸೋಸಿ ನೆಲಕ್ಕೆ ಇಳಿಸುವ ಹೊಣೆ ಯಾರದು? ಬೇಸಿಗೆಯಲ್ಲಿ ಕೊಳವೆ ಬಾವಿಯಿಂದ ನೀರೆಳೆಯುವ ಮಾಲಕನದೇ.

ಆದ್ದರಿಂದ ನಮ್ಮ ಬೇಡಿಕೆಗಳು ಇವು:

1. ನಗರದ ಮತ್ತು ಖಾನಾಪುರದ ಪ್ರತಿಯೊಂದು ಸಾರ್ವಜನಿಕ ಬಾವಿ, ಕೊಳವೆ ಬಾವಿಯ ನೀರನ್ನು ಮಳೆಗಾಲದ ಮುಂಚೆ ಮತ್ತು ಆಮೇಲೆ ಪರೀಕ್ಷಿಸಿ, ಫಲಿತಾಂಶವನ್ನು ಕನ್ನಡ, ಮರಾಠಿ, ಉರ್ದು ಭಾಷೆಗಳಲ್ಲಿ ಬಾವಿಯ ಕಟ್ಟೆಯ ಮೇಲೆಯೇ ಬರೆಯಬೇಕು.

2. ಬಾವಿಯಿಂದ 15 ಮೀಟರಿನ ಒಳಗಿನ ಗಟಾರಗಳನ್ನು ಮೊದಲು ಕಟ್ಟಬೇಕು. ಆ ಅಂತರದೊಳಗಿನ ಶೌಚದ ಗುಂಡಿಗಳನ್ನು ಸರಕಾರದ ಖರ್ಚಿನಿಂದ ಸ್ಥಳಾಂತರಿಸಬೇಕು.

3. ಟ್ಯಾಂಕರಿನ ನೀರು ಯಾವ ಬಾವಿಯದು, ಎಷ್ಟು ಎತ್ತಲಾಯಿತು ಎಂಬ ಲೆಕ್ಕವನ್ನು ಬರೆದಿಡಬೇಕು, ದರವನ್ನು ಗೊತ್ತುಪಡಿಸಬೇಕು.

4. ದೊಡ್ಡ ಮಾಳಿಗೆಯ ಕಾರಖಾನೆ, ಮಂಗಲ ಕಾರ್ಯಾಲಯ, ಸರಕಾರಿ ಕಚೇರಿಗಳಲ್ಲಿ ಮಳೆನೀರನ್ನು ನೆಲಕ್ಕೆ ಇಳಿಸುವುದನ್ನು ಕಡ್ಡಾಯಗೊಳಿಸಿ, ಮೊದಲು ಸರಕಾರ ತನ್ನ ಕಟ್ಟಡಗಳಲ್ಲಿ ಮಾಡಿ ತೋರಿಸಬೇಕು.

5. ಬಣ್ಣ ಹಾಕುವ ಸಣ್ಣ ಮನೆಗಳಿಗೆ ದಂಡದ ಬದಲು ಒಂದು ಸಾಮೂಹಿಕ ಶುದ್ಧೀಕರಣ ವ್ಯವಸ್ಥೆ ಕೊಡಬೇಕು. ಕೊಟ್ಟ ಮೇಲೂ ಚೆಲ್ಲಿದವರಿಗೆ ದಂಡ ಹಾಕಲಿ, ನಾವು ಅಡ್ಡ ಬರುವುದಿಲ್ಲ.

6. ಮಲಪ್ರಭೆಯ ಉಸುಕು ಎತ್ತುವುದನ್ನು ತಡೆದು, ಖಾನಾಪುರ ಪಟ್ಟಣದ ಹೊಲಸು ನೀರನ್ನು ಶುದ್ಧಗೊಳಿಸದೆ ಹೊಳೆಗೆ ಬಿಡದಂತೆ ನೋಡಿಕೊಳ್ಳಬೇಕು.

ಇವೆಲ್ಲ ಆಗದ ಮಾತು ಎನ್ನುವವರು ಒಮ್ಮೆ ಟಿಳಕವಾಡಿಗೆ ಹೋಗಿ ಬರಲಿ. 1924ರ ಡಿಸೆಂಬರದಲ್ಲಿ ಗಾಂಧೀಜಿ ಅಧ್ಯಕ್ಷತೆ ವಹಿಸಿದ ಕಾಂಗ್ರೆಸ್ ಅಧಿವೇಶನ ಇದೇ ಊರಿನಲ್ಲಿ ಆಯಿತು. ಬರುವ ಸಾವಿರಾರು ಜನರಿಗೆ ನೀರು ಬೇಕೆಂದು ಕಾರ್ಯಕರ್ತರು ಮೊದಲೇ ಒಂದು ದೊಡ್ಡ ಬಾವಿ ತೋಡಿಸಿದರು. ಅದಕ್ಕೆ ಪಂಪಾ ಸರೋವರವೆಂದು ಹೆಸರಿಟ್ಟರು. ಜನ ಕಾಂಗ್ರೆಸ್ ಬಾವಿ ಎಂದು ಕರೆದರು. ಪರಕೀಯರ ಆಳಿಕೆಯಲ್ಲಿ, ಸರಕಾರದ ಕೃಪೆಯಿಲ್ಲದೆ, ವರ್ಗಣಿ ಎತ್ತಿ ಸಭೆ ನಡೆಸಿದ ಜನ ಬಾವಿ ತೋಡಿದರು. ಸ್ವರಾಜ್ಯ ಬಂದ ಮೇಲೆ, ತೋಡಿದ ಬಾವಿಯನ್ನು ಕಾಯಲು ನಮಗೆ ಆಗುವುದಿಲ್ಲವೇ?

ವಡಗಾವಿಯ ಆ ಓಣಿಯ ಕಥೆಯನ್ನು ಮುಗಿಸಿಬಿಡುತ್ತೇವೆ. ಪರೀಕ್ಷೆಯ ವರದಿ ಬಂದ ವಾರವೇ ಓಣಿಯ ಜನ ಬಾವಿಯ ಹೂಳು ತೆಗೆಯಲು ಹೊರಟರು. ನಾವೇ ತಡೆದೆವು. ಗಟಾರ ಸೋರುತ್ತಿರುವಾಗ ಬಾವಿ ತೊಳೆದರೆ ತೊಳೆದದ್ದೂ ಹೊಲಸಾಗುತ್ತದೆ. ಮೊದಲು ಗಟಾರ, ಆಮೇಲೆ ಹೂಳು, ಆಮೇಲೆ ಬ್ಲೀಚಿಂಗ್ ಪೌಡರು. ಸಾವಿರ ಲೀಟರಿಗೆ ಸುಮಾರು ಎರಡೂವರೆ ಗ್ರಾಮು ಹಾಕಿ ಒಂದು ತಾಸು ಬಿಡಬೇಕು. ಅದರಿಂದ ರೋಗಾಣು ಸಾಯುತ್ತದೆ. ನೈಟ್ರೇಟು ಪೌಡರಿಗೆ ಬಗ್ಗುವುದಿಲ್ಲ. ಸೋರುವುದು ನಿಂತು, ಒಂದೆರಡು ಮಳೆಗಾಲದ ನೀರು ಇಳಿದ ಮೇಲೆ ಮತ್ತೆ ಪರೀಕ್ಷಿಸಬೇಕು. ಅಲ್ಲಿಯವರೆಗೆ ಆ ನೀರು ತೊಳೆಯಲು, ಬಳಿಯಲು ಮಾತ್ರ. ಟ್ಯಾಂಕರಿನ ಅರ್ಧ ಖರ್ಚು ಅದರಿಂದಲೇ ಉಳಿಯುತ್ತದೆ.

ಗಟಾರ ಕಟ್ಟಿಸಲು ಕಚೇರಿಯೊಂದಕ್ಕೆ ಅರ್ಜಿ ಕೊಟ್ಟೆವು. ಮೂರು ಸಲ ಹೋದೆವು. ಮೂರು ಮೇಜು ತೋರಿಸಿದರು. ನಾಲ್ಕನೆಯ ಸಲ ನಾವೊಬ್ಬರೇ ಹೋಗುವುದಿಲ್ಲ. ಬರುವ ಸೋಮವಾರ ಮುಂಜಾನೆ ಹತ್ತು ಗಂಟೆಗೆ ಆ ಓಣಿಯ ಹೆಂಗಸರು ತಮ್ಮ ಬರಿ ಕೊಡಗಳೊಂದಿಗೆ ಬಾವಿಯ ಕಟ್ಟೆಯಿಂದ ಹೊರಡುತ್ತಾರೆ. ರಾತ್ರಿ ಪಾಳಿ ಮುಗಿಸಿದ ಕಾಮಗಾರರು ಮನೆಗೆ ಹೋಗುವ ಮುಂಚೆ ಅಲ್ಲಿಗೆ ಬನ್ನಿರಿ. ಅಂಗಡಿಕಾರರು ಒಂದು ತಾಸು ಬಾಗಿಲು ತಡವಾಗಿ ತೆರೆದರೆ ನಷ್ಟವೇನೂ ಆಗದು. ಆ ಮುದುಕಿ ಮುಂದೆ ನಡೆಯುತ್ತಾಳೆ. ಚಂದಾ ಕೊಟ್ಟಿದ್ದಾಳೆಯೇ ಎಂದು ಕೇಳಬೇಡಿರಿ. ಗಟಾರ ಕಟ್ಟಿದ ದಿನ ಕೊಡುತ್ತೇನೆಂದು ಹೇಳಿದ್ದಾಳೆ.